ಸರ್ಪಸುತ್ತಿನ ಮದ್ದು ನನ್ನ ಕೊರಳಿಗೆ ಬಿದ್ದ ಆಷಾಢ

ಈ ಸಲ ಆಯುಧಪೂಜೆಗೆ ನಮ್ಮ ಕಾರ್ಖಾನೆಯವರು ಸಿಹಿ ಹಂಚಲಿಲ್ಲ. ಬದಲಿಗೆ ಒಬ್ಬೊಬ್ಬರ ಕೈಗೂ ಒಂದೊಂದು ರಟ್ಟಿನ ಪೆಟ್ಟಿಗೆ ಇಟ್ಟರು. ಮೈಸೂರುಪಾಕು ಇರಬಹುದೆಂದು ಆಸೆಯಿಂದ ಬಿಚ್ಚಿದರೆ ಒಳಗೆ ಸೋಪು, ತಲೆಗೆ ಹಚ್ಚುವ ಲಕ್ಕಿಸೊಪ್ಪಿನ ಎಣ್ಣೆ, ಮುಖಕ್ಕೆ ಬಳಿಯುವ ಹಸಿರು ಲೇಪ. ಮೇಲೆ ಎಲೆಗಳ ಚಿತ್ರ ಹಾಕಿ ಅಜ್ಜಿಯ ಕಾಲದ ಆರೈಕೆ ಎಂದು ಬರೆದಿದ್ದರು. ಬರೆದವನು ಅಂಥ ಒಬ್ಬ ಅಜ್ಜಿಯ ಜೊತೆ ಒಂದು ವಾರವಾದರೂ ಒಂದೇ ಸೂರಿನಡಿ ಬಾಳಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಕಾರ್ಖಾನೆ ಇರುವ ಹೆಬ್ಬಾಳದಿಂದ ಬಸ್ಸು ಹೊರಟಾಗ ಎಲ್ಲರ ತೊಡೆಯ ಮೇಲೂ ಅದೇ ಪೆಟ್ಟಿಗೆ, ಬಸ್ಸಿನ ತುಂಬ ಲಕ್ಕಿಸೊಪ್ಪಿನ ಘಾಟು. ಪಕ್ಕದವರು ಮೂಗು ಅರಳಿಸಿ, "ಆಹಾ, ಎಷ್ಟ್ ತಂಪಾಗಿದೆ ನೋಡಿ ಸಾರ್" ಅಂದರು. ನನಗೆ ಮೈಯೆಲ್ಲ ಉರಿಯಿತು. ಲಕ್ಕಿಸೊಪ್ಪಿನ ವಾಸನೆ ಬಂದರೆ ಜನಕ್ಕೆ ಹಳ್ಳಿ ನೆನಪಾಗುತ್ತದಂತೆ, ತಾಯಿ ನೆನಪಾಗುತ್ತಾಳಂತೆ. ನನಗೆ ನೆನಪಾಗುವುದು ಕಟ್ಟಿಕೊಂಡ ಬಚ್ಚಲು ಮತ್ತು ನಮ್ಮ ಅತ್ತೆ.

ನಾವು ಅತ್ತೆಯ ಮನೆಗೆ ಹೋಗಿದ್ದು ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದ ಮಟ್ಟಿಗೆ. ಲಕ್ಷ್ಮೀಪುರಂನಲ್ಲಿ ನಾವಿದ್ದ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸುತ್ತೇವೆ, ಅಲ್ಲಿಯವರೆಗೆ ಎಲ್ಲಾದರೂ ಇರಿ ಎಂದು ಮನೆಯ ಮಾಲೀಕರು ಹೇಳಿದರು. ಎಲ್ಲಾದರೂ ಎಂದರೆ ಎಲ್ಲಿ? ಹೆಂಡತಿ ಮಂಜುಳಾ ಒಂದು ಕ್ಷಣವೂ ಯೋಚಿಸಲಿಲ್ಲ. "ಹಿನಕಲ್ಲಿನಲ್ಲಿ ಅವ್ವ ಒಬ್ರೇ ಅಷ್ಟು ದೊಡ್ಡ ಮನೇಲಿದ್ದಾರೆ. ನಿಮ್ಮ ಫ್ಯಾಕ್ಟರಿನೂ ಹತ್ತಿರ. ನಡೀರಿ" ಅಂದಳು. ಆಷಾಢ ಆಗಲೇ ಹತ್ತಿರ ಬಂದಿತ್ತು. ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರದು ಎಂದು ಹಿರಿಯರು ಹೇಳುತ್ತಾರಲ್ಲ, ಅದು ಹೊಸದಾಗಿ ಮದುವೆಯಾದವರಿಗೆ ಮಾತ್ರ ಎಂದು ಎಲ್ಲರೂ ನನ್ನ ಬಾಯಿ ಮುಚ್ಚಿಸಿದರು. ಆ ನಿಯಮವನ್ನು ಬದುಕಿರುವವರೆಗೂ ಜಾರಿಯಲ್ಲಿಡಬೇಕಿತ್ತು.

ಅತ್ತೆಯ ಹೆಸರು ಪುಟ್ಟತಾಯಮ್ಮ. ಊರಿಗೆಲ್ಲ ತಾಯಮ್ಮಜ್ಜಿ. ಹಿನಕಲ್ ಹಳ್ಳಿಯಾಗಿದ್ದಾಗ ಕಟ್ಟಿದ ಮನೆ ಅವರದು. ಈಗ ಸುತ್ತಲೂ ಮೂರಂತಸ್ತಿನ ಬಾಡಿಗೆ ಕಟ್ಟಡಗಳು ಎದ್ದಿದ್ದರೂ ಅವರ ಹಿತ್ತಲು ಮಾತ್ರ ಇದ್ದ ಹಾಗೇ ಇತ್ತು. ಅಲ್ಲಿ ಬೆಳೆಯದ ಸೊಪ್ಪಿಲ್ಲ. ಬೇಲಿಗೆ ಲಕ್ಕಿ ಮತ್ತು ಆಡುಸೋಗೆ, ಬಾವಿಕಟ್ಟೆಯ ಪಕ್ಕ ದೊಡ್ಡಪತ್ರೆ, ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ಕಾಲಿಟ್ಟಲ್ಲೆಲ್ಲ ನೆಲನೆಲ್ಲಿ, ತುಂಬೆ, ಗರಗ. ಕಳೆ ಕಿತ್ತು ಒಂದಿಷ್ಟು ಜಾಗ ಚೊಕ್ಕ ಮಾಡೋಣವೆಂದು ಮೊದಲ ದಿನವೇ ಕುಡುಗೋಲು ಹಿಡಿದು ಇಳಿದೆ. ಅತ್ತೆ ಓಡಿಬಂದು ಕೈ ಹಿಡಿದುಕೊಂಡರು. "ಅಯ್ಯೋ ಅಳಿಯಂದ್ರೆ, ಅದು ಕಳೆ ಅಲ್ಲ ಕಣ್ರೀ. ಅದು ಕಾಮಾಲೆ ಮದ್ದು." ಆಮೇಲೆ ನಾನು ಮುಟ್ಟಲು ಹೋದ ಒಂದೊಂದು ಗಿಡಕ್ಕೂ ಒಂದೊಂದು ಕಾಯಿಲೆಯ ಹೆಸರು ಹೇಳಿದರು. ಕಡೆಗೆ ನಾನು ಕುಡುಗೋಲು ಕೆಳಗಿಟ್ಟು ಒಳಗೆ ಹೋದೆ.

ಗಿಡಗಳು ಹಿತ್ತಲಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅವು ಮನೆಯೊಳಗೆ ಬರುತ್ತಿದ್ದವು. ಮೊದಲ ಪಾಳಿಗೆ ಹೋಗುವವನಿಗೆ ಬೆಳಿಗ್ಗೆ ಬೇಕಾದದ್ದು ಒಂದು ಚೊಂಬು ಬಿಸಿನೀರು. ಹಂಡೆಯ ಮುಚ್ಚಳ ತೆಗೆದರೆ ಅದರ ತುಂಬ ಲಕ್ಕಿಸೊಪ್ಪು ಕುದಿಯುತ್ತಿರುತ್ತಿತ್ತು. ನಿಂತು ಕೆಲಸ ಮಾಡುವವರ ಮೈಕೈ ನೋವಿಗೆ ಒಳ್ಳೆಯದು ಎಂದು ನನಗಾಗಿಯೇ ಕುದಿಸಿದ್ದಂತೆ. ಎಲೆಗಳು ಬಚ್ಚಲಿನ ತೂಬಿಗೆ ಸಿಕ್ಕಿ, ನೀರು ಮೊಣಕಾಲಿಗೆ ಬಂದು, ನಾನು ಬಗ್ಗಿ ಅವನ್ನು ಬಾಚಿ ತೆಗೆಯುವಷ್ಟರಲ್ಲಿ ಇದ್ದ ಮೈಕೈ ನೋವು ಎರಡರಷ್ಟಾಗುತ್ತಿತ್ತು. ಅಡುಗೆಮನೆಯಲ್ಲಿ ಮಿಕ್ಸಿಯ ಚಟ್ನಿ ಜಾರಿನಲ್ಲಿ ಯಾರದೋ ಮಗುವಿನ ಕಜ್ಜಿಗೆ ಬೇವು, ಅರಿಶಿನ ರುಬ್ಬಿರುತ್ತಿದ್ದರು. ಅದನ್ನು ಎಷ್ಟು ತೊಳೆದರೂ ಕಾಯಿಚಟ್ನಿಯಲ್ಲಿ ಬೇವಿನ ಕಹಿ ಹೋಗುತ್ತಿರಲಿಲ್ಲ. ನಾನು ಮುಖ ಕಿವುಚಿದರೆ ಅತ್ತೆ, "ಒಟ್ಟೆಗೆ ಒಳ್ಳೇದು ಬುಡಿ" ಅನ್ನುವರು. ಅವರ ಲೆಕ್ಕದಲ್ಲಿ ಕೆಟ್ಟದ್ದು ಅನ್ನುವುದು ಈ ಲೋಕದಲ್ಲಿ ಒಂದೂ ಇರಲಿಲ್ಲ, ನನ್ನ ಸ್ಕೂಟರಿನ ಹೊಗೆ ಒಂದನ್ನು ಬಿಟ್ಟು.

ಇನ್ನು ಬರುವ ಜನ. ಮೈಮೇಲೆ ಪಿತ್ತದ ಗಂಧೆ ಎದ್ದವರು ಬಂದರೆ ದೊಡ್ಡಪತ್ರೆ ಉಜ್ಜುವುದು. ಕೈ ಸುಟ್ಟುಕೊಂಡವರು ಬಂದರೆ ಲೋಳೆಸರ ಸೀಳಿ ಸವರುವುದು. ಕೂದಲು ಉದುರುವವರಿಗೆ ಗರಗದ ಎಣ್ಣೆ, ಹಿಮ್ಮಡಿ ಒಡೆದವರಿಗೆ ಹೊಂಗೆ ಎಣ್ಣೆ. ಹೆಬ್ಬಾಳದ ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬಳು ಹುಡುಗಿ ಪಕ್ಕದ ಕಟ್ಟಡದಲ್ಲಿ ಬಾಡಿಗೆಗಿದ್ದಳು. ಮೊಡವೆಗೆ ಏನು ಮಾಡಲಿ ಎಂದು ಬಂದವಳಿಗೆ ಅತ್ತೆ ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿನ ಕಲಸಿ ಹಚ್ಚಲು ಹೇಳಿದರು. ಅವಳು ಅಡುಗೆಯ ಅರಿಶಿನವನ್ನೇ ಧಾರಾಳವಾಗಿ ಬಳಿದುಕೊಂಡು ಒಣಗಲು ಬಿಟ್ಟು, ಮಾರನೆಯ ದಿನ ಹಳದಿ ಮುಖ ಹೊತ್ತು ಆಫೀಸಿನ ಮೀಟಿಂಗಿಗೆ ಹೋದಳು. ಸಂಜೆ ಬಂದು ಜಗಳವಾಡಿದ್ದು ಯಾರ ಜೊತೆ? ಜಗಲಿಯ ಮೇಲೆ ಪೇಪರು ಓದುತ್ತಿದ್ದ ನನ್ನ ಜೊತೆ. ಅತ್ತೆ ಆಗ ಹಿತ್ತಲಲ್ಲಿ ಬಹಳ ಕೆಲಸದಲ್ಲಿದ್ದರು.

ಇವೆಲ್ಲ ಚಿಲ್ಲರೆ. ಅತ್ತೆಗೆ ಹೆಸರು ಬಂದಿದ್ದು ಸರ್ಪಸುತ್ತಿನ ಮದ್ದಿನಿಂದ. ಸೊಂಟಕ್ಕೋ ಎದೆಗೋ ಒಂದು ಪಕ್ಕಕ್ಕೆ ಪಟ್ಟಿಯಂತೆ ನೀರುಗುಳ್ಳೆ ಎದ್ದು, ಬೆಂಕಿ ಇಟ್ಟ ಹಾಗೆ ಉರಿಯುವ ಕಾಯಿಲೆ ಅದು. ಹಾವು ಸುತ್ತಿಕೊಂಡ ಹಾಗೆ ಅದು ಸುತ್ತುತ್ತಾ ಹೋಗುತ್ತದೆ, ತಲೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಭಯ ನಮ್ಮ ಕಡೆ ಈಗಲೂ ಇದೆ. ಅತ್ತೆಯ ಮದ್ದು ಒಂದು ಸೊಪ್ಪು. ಅದನ್ನು ಕಲ್ಲಿನ ಮೇಲೆ ಅರೆದು ಗುಳ್ಳೆಗಳ ಸುತ್ತ ಕಟ್ಟೆ ಕಟ್ಟಿದ ಹಾಗೆ ಹಚ್ಚುತ್ತಿದ್ದರು. ಅದಕ್ಕೆ ಮಿಕ್ಸಿ ನಡೆಯುವುದಿಲ್ಲ. ಸೊಪ್ಪಿನ ಹೆಸರನ್ನು ಇಲ್ಲಿ ಹೇಳುವಂತಿಲ್ಲ. ನನಗೆ ನಂಬಿಕೆ ಇದೆಯೆಂದಲ್ಲ, ಹೇಳಿದರೆ ಅತ್ತೆಗೆ ಹೇಗೋ ಗೊತ್ತಾಗಿಬಿಡುತ್ತದೆ.

ಆ ಮದ್ದಿನ ಕಟ್ಟುಕಟ್ಟಳೆ ಕೇಳಿದರೆ ನಮ್ಮ ಕಾರ್ಖಾನೆಯ ನಿಯಮಾವಳಿ ಎಷ್ಟೋ ವಾಸಿ ಅನ್ನಿಸುತ್ತದೆ. ಬಂದವರನ್ನು ಇಲ್ಲ ಎಂದು ಕಳಿಸುವಂತಿಲ್ಲ. ಅವರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಒಂದು ವೀಳ್ಯದೆಲೆಯನ್ನೂ. ಮದ್ದು ಹಾಕಿಸಿಕೊಂಡವರು ಹೋಗುವಾಗ ಬರುತ್ತೇನೆ ಅನ್ನಬಾರದು, ಅಂದರೆ ಕಾಯಿಲೆ ಮತ್ತೆ ಬರುತ್ತದೆ. ಸೊಪ್ಪು ಕೀಳುವುದು ಭಾನುವಾರ ಮತ್ತು ಗುರುವಾರ ಮಾತ್ರ, ತಣ್ಣೀರು ಮಿಂದು, ಒದ್ದೆ ಬಟ್ಟೆಯಲ್ಲಿ, ತುಟಿ ಬಿಚ್ಚದೆ. ಮದ್ದು ಇಟ್ಟುಕೊಂಡವರಿಗೇ ಆ ಕಾಯಿಲೆ ಬಂದರೆ ತಮ್ಮ ಕೈಯಿಂದ ತಾವು ಹಚ್ಚಿಕೊಳ್ಳುವಂತಿಲ್ಲ, ಬೇರೆ ಮದ್ದನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಮದ್ದೇ ಕೆಟ್ಟು ಹೋಗುತ್ತದೆ, ಆಮೇಲೆ ಯಾರಿಗೂ ಹತ್ತುವುದಿಲ್ಲ. ಇವೆಲ್ಲಕ್ಕಿಂತ ನನಗೆ ಕುತ್ತಾಗಿದ್ದು ಕೊನೆಯ ನಿಯಮ. ಮದ್ದನ್ನು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಕೊಡುವಂತಿಲ್ಲ, ಹೊರಗಿನಿಂದ ಮನೆಗೆ ಬಂದವರಿಗೇ ಕೊಡಬೇಕು. ಅತ್ತೆಗೆ ಅದು ಬಂದಿದ್ದು ಅವರ ಅತ್ತೆಯಿಂದ. ಇವರಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಸೊಸೆಯೂ ಇಲ್ಲ. ಇರುವುದು ಒಬ್ಬಳೇ ಮಗಳು. ಹೊರಗಿನಿಂದ ಬಂದವನು ನಾನೊಬ್ಬನೇ.

"ಅಳಿಯಂದ್ರೆ, ಕೈಗೆ ತಗೊಂಬುಡಿ. ನಂಗೂ ವಯಸ್ಸಾಯ್ತು" ಎಂದು ಕಾಫಿ ಕೊಡುವಾಗ ಒಂದು ಸಲ, ಊಟಕ್ಕೆ ಬಡಿಸುವಾಗ ಇನ್ನೊಂದು ಸಲ.

"ಅತ್ತೆ, ನಾನು ಪಾಳಿ ಕೆಲಸದವನು. ಬಂದವರನ್ನ ವಾಪಸ್ ಕಳಿಸೋ ಹಾಗಿಲ್ಲ ಅಂತೀರಿ. ನಾನು ಮೆಷಿನ್ ಮುಂದೆ ನಿಂತಿರೋವಾಗ ಗೇಟಿನ ಹತ್ರ ಜನ ಬಂದು ನಿಂತರೆ ಏನು ಮಾಡಲಿ?"

"ಬಂದೋರ್ಗೆ ಒಂದ್ ಗಳಿಗೆ ಸೊಪ್ ಅರ್ದ್ ಹಚ್ಚಕೆ ಎಷ್ಟೊತ್ತಾಯ್ತದೆ?"

ಮಂಜುಳಾ ನನ್ನ ಕಡೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳೂ, "ತಗೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂದಳು. ಅವಳಿಗೇನು, ಅವಳಿಗೆ ಕೊಡುವಂತಿರಲಿಲ್ಲವಲ್ಲ. ನಾನು ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದೆ. ಸರ್ಪಸುತ್ತು ಹಾವಿನಿಂದ ಬರುವುದಲ್ಲ, ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬು, ಜನ ಅಮ್ಮ ಅನ್ನುತ್ತಾರಲ್ಲ ಅದು, ಮೈಯಲ್ಲೇ ಅಡಗಿ ಕೂತು ಮುಪ್ಪಿನಲ್ಲಿ ಏಳುವುದು ಎಂದು ನಮ್ಮ ಕಾರ್ಖಾನೆಯ ಡಾಕ್ಟರು ಹೇಳಿದ್ದನ್ನು ವಿವರಿಸಿದೆ. ಅತ್ತೆ ಗಮನವಿಟ್ಟು ಕೇಳಿ, "ಅಂಗಾದ್ರೆ ಅಮ್ಮನೇ ಅನ್ನಿ" ಎಂದು ಕೈ ಮುಗಿದರು. ಗೋಡೆಗೆ ಹೇಳುವುದೂ ಒಂದೇ, ಇವರಿಗೆ ಹೇಳುವುದೂ ಒಂದೇ.

ಆಷಾಢದ ಒಂದು ಶುಕ್ರವಾರ. ಹೊರಗೆ ಬೆಳಗಿನಿಂದ ಸೋನೆ. ಅಮ್ಮನವರ ದರ್ಶನಕ್ಕೆಂದು ಬೆಟ್ಟಕ್ಕೆ ಹೋಗುವ ಜನರಿಂದ ಬಸ್ಸುಗಳೆಲ್ಲ ತುಂಬಿ, ನಾನು ಕೆಲಸ ಮುಗಿಸಿ ತಡವಾಗಿ ಮನೆಗೆ ಬಂದೆ. ಅತ್ತೆ ಹಣೆಯ ಬಲಭಾಗಕ್ಕೆ ದೊಡ್ಡಪತ್ರೆ ಉಜ್ಜಿಕೊಳ್ಳುತ್ತಾ ಕುಳಿತಿದ್ದರು. ಏನಾಯಿತು ಎಂದರೆ, "ಕಂಬಳಿಹುಳ ಬಿದ್ದದೆ, ಉರೀತದೆ" ಅಂದರು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಹುಬ್ಬಿನ ಮೇಲಿಂದ ಕೂದಲಿನವರೆಗೂ ಸಣ್ಣ ಸಣ್ಣ ನೀರುಗುಳ್ಳೆ. ಬಲಗಣ್ಣಿನ ರೆಪ್ಪೆ ಊದಿಕೊಂಡು ಅರ್ಧ ಮುಚ್ಚಿತ್ತು. ಆ ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು ನಾನು ನೋಡಿದ ಸೊಂಟಗಳೆಷ್ಟೋ ಬೆನ್ನುಗಳೆಷ್ಟೋ. ನೋಡಿದ ಕೂಡಲೇ ಗೊತ್ತಾಯಿತು.

"ಅತ್ತೆ, ಇದು ಸರ್ಪಸುತ್ತು."

"ಸುಮ್ಕಿರಿ. ಸರ್ಪಸುತ್ತು ಮೈಗೆ ಬರೋದು. ಅಣೇಗ್ ಬಂದ್ರೆ ಎಲ್ ಸುತ್ತುತದೆ?"

ನಾನು ಕಾರ್ಖಾನೆಯ ಡಾಕ್ಟರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಮೂಗಿನ ತುದಿಯಲ್ಲಿ ಗುಳ್ಳೆ ಇದೆಯಾ ನೋಡಿ" ಅಂದರು. ನೋಡಿದೆ. ಒಂದೇ ಒಂದು ಇತ್ತು, ಸಾಸಿವೆಯಷ್ಟು. ಹಾಗಿದ್ದರೆ ಅದು ಕಣ್ಣಿಗೂ ಇಳಿಯುತ್ತದೆ, ತಡ ಮಾಡಿದರೆ ದೃಷ್ಟಿ ಹೋಗಬಹುದು, ಇವತ್ತೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅವರು ಖಡಾಖಂಡಿತವಾಗಿ ಹೇಳಿದರು. ನಾನು ಫೋನಿಟ್ಟು ಚಪ್ಪಲಿ ಮೆಟ್ಟಿಕೊಂಡೆ. ಅತ್ತೆ ಸೆರಗನ್ನು ಮೂಗಿನವರೆಗೂ ಎಳೆದುಕೊಂಡು ಗೋಡೆ ಕಡೆ ತಿರುಗಿ ಕುಳಿತರು.

ಆ ಶನಿವಾರ ನಾನು ಎಷ್ಟು ಕೂಗಾಡಿದೆನೋ ಅಷ್ಟು ಕೂಗಾಟವನ್ನು ನನ್ನ ಜೀವಮಾನದಲ್ಲಿ ಮಾಡಿಲ್ಲ. ಬೇಡಿಕೊಂಡೆ, ಹೆದರಿಸಿದೆ, ಕಣ್ಣು ಹೋದರೆ ಗಿಡ ಗುರುತಿಸುವುದು ಹೇಗೆ ಎಂದು ಕೇಳಿದೆ. ಆಟೋ ಕರೆಸಿ ಬಾಗಿಲಿಗೆ ನಿಲ್ಲಿಸಿದೆ. ಅದು ಕಾದು ಕಾದು ಹೋಯಿತು. ಮಂಜುಳಾ ಅತ್ತಳು. ಅತ್ತೆ ಜಪ್ಪಯ್ಯ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಹುಳ ಅಲ್ಲ ಎಂಬುದನ್ನು ಮಾತ್ರ ಒಪ್ಪಿಕೊಂಡರು. ಒಪ್ಪಿಕೊಂಡಿದ್ದರಿಂದ ಕೆಲಸ ಇನ್ನೂ ಕೆಟ್ಟಿತು. ಸರ್ಪಸುತ್ತು ಎಂದ ಮೇಲೆ ಇನ್ನು ಆಸ್ಪತ್ರೆಯ ಮದ್ದನ್ನು ಮುಟ್ಟುವ ಹಾಗೇ ಇಲ್ಲವಲ್ಲ!

"ಮದ್ದು ಕೆಟ್ಟರೆ ಕೆಡಲಿ ಅತ್ತೆ! ನಿಮ್ಮ ಕಣ್ಣು ಮುಖ್ಯವೋ ಆ ಸೊಪ್ಪು ಮುಖ್ಯವೋ?"

"ನನ್ ಕಣ್ಣು ಓದ್ರೆ ನಂಗೊಬ್ಳಿಗೆ ನಷ್ಟ ಕಣ್ರೀ. ಮದ್ದು ಕೆಟ್ರೆ ಇನ್ಮುಂದೆ ಬರೋರ್ಗೆಲ್ಲ ಏನ್ ಏಳ್ಲಿ?"

ಸುಳ್ಳು ಹೇಳಿ ಜನರಿಗೆ ಮೋಸ ಮಾಡುವವರಾಗಿದ್ದರೆ ಬೈದು ಬಾಯಿ ಮುಚ್ಚಿಸಬಹುದಿತ್ತು. ಇವರು ನಿಜವಾಗಿಯೂ ಹಾಗೇ ನಂಬಿದ್ದರು. ಅಂಥವರ ಜೊತೆ ಜಗಳವಾಡಿ ಗೆದ್ದವರನ್ನು ನಾನು ಕಂಡಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಂಜುಳಾ ನನ್ನನ್ನು ಜಗಲಿಗೆ ಕರೆದಳು. ದನಿ ತಗ್ಗಿಸಿ, "ಅವ್ವ ದೇವರ ಮುಂದೆ ಕೂತು ಏನು ಮಾಡ್ತಿದ್ದಾರೆ ನೋಡಿ" ಅಂದಳು. ಬಾಗಿಲ ಮರೆಯಿಂದ ನೋಡಿದೆ. ಅತ್ತೆ ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು, ಊದಿದ ಬಲಗಣ್ಣಿನ ರೆಪ್ಪೆಯನ್ನು ಬೆರಳಿನಲ್ಲಿ ಎತ್ತಿ ಹಿಡಿದು ದೀಪ ನೋಡುತ್ತಿದ್ದರು. ಕೈ ಬದಲಾಯಿಸಿ ಇನ್ನೊಂದು ಕಣ್ಣಿನಲ್ಲಿ ನೋಡಿದರು. ಮತ್ತೆ ಬಲಗಣ್ಣು. ಬೆಳಗಿನಿಂದ ಬಂಡೆಯಂತೆ ಕುಳಿತಿದ್ದ ಹೆಂಗಸಿಗೂ ಭಯವಾಗಿತ್ತು. ನನ್ನ ತಾಯಿ ತೀರಿಕೊಂಡ ಮೇಲೆ ನನಗೆ ಕರೆದು ಅನ್ನ ಹಾಕಿದವರು ಅವರು.

ಒಳಗೆ ಹೋಗಿ ಅವರ ಪಕ್ಕ ಕುಳಿತೆ. ನಾನು ಬಾಯಿ ತೆರೆಯುವ ಮುಂಚೆಯೇ ಅವರು ದೀಪ ನೋಡುತ್ತಲೇ ಹೇಳಿದರು. "ನೀವು ಕೈಗೆ ತಗೊಂಡ್ರೆ ನನ್ ಕೈ ಖಾಲಿ ಆಯ್ತದೆ. ಆವಾಗ ನಂಗ್ಯಾವ ಕಟ್ಟೂ ಇಲ್ಲ. ನೀವು ಎಲ್ಲಿಗ್ ಕರದ್ರೆ ಅಲ್ಲಿಗ್ ಬತ್ತೀನಿ."

"ಸರಿ. ಈಗಲೇ ಕೊಡಿ."

"ಈಗ ಎಂಗಾಯ್ತದೆ? ನಾಳಿಕ್ ಭಾನ್ವಾರ."

ಹಲ್ಲು ಕಚ್ಚಿಕೊಂಡು ಎದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಭಾನುವಾರ ಬೆಳಕು ಹರಿಯುವಾಗ ಆಷಾಢದ ಗಾಳಿಗೆ ಬಾವಿಕಟ್ಟೆಯ ಮೇಲೆ ನಿಂತು ತಲೆಗೆ ತಣ್ಣೀರು ಸುರಿದುಕೊಂಡೆ. ಹಿಂದಿನ ಸಂಜೆಯೇ ಹೇಳಿಟ್ಟಿದ್ದ ಆಟೋ ಬಂದು ಮುಂದಿನ ಬಾಗಿಲಲ್ಲಿ ನಿಂತಿತ್ತು. ಒದ್ದೆ ಪಂಚೆಯಲ್ಲಿ ನಡುಗುತ್ತಾ ಅತ್ತೆಯ ಹಿಂದೆ ಹಿತ್ತಲ ಮೂಲೆಗೆ ಹೋದೆ. ಅವರು ಕಣ್ಣಿನಲ್ಲೇ ಗಿಡ ತೋರಿಸಿದರು. ಎಂಥದ್ದೋ ಅಪರೂಪದ ಬಳ್ಳಿ ಇರಬಹುದು ಅಂದುಕೊಂಡಿದ್ದೆ. ನಾನು ಮೊದಲ ದಿನ ಕುಡುಗೋಲು ಹಿಡಿದು ಸವರಲು ಹೋಗಿದ್ದ ಗುಂಪಿನಲ್ಲೇ ಇತ್ತು, ದಿನಾ ತುಳಿದುಕೊಂಡು ಓಡಾಡುತ್ತಿದ್ದೆ. ಬಗ್ಗಿ ಚಿಗುರಿಗೆ ಕೈ ಹಾಕಿದ್ದೇ ತಡ, ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಶಿವನಂಜಪ್ಪನವರು ಹಲ್ಲುಜ್ಜುತ್ತಾ ಇಣುಕಿದರು.

"ಏನ್ರೀ ಸಾರ್, ಇಷ್ಟ್ ಬೇಗ? ಚಳಿ ಆಗಲ್ವೇ?"

"ಏನಿಲ್ಲ ಕಣ್ರೀ" ಅಂದುಬಿಟ್ಟೆ.

ಅತ್ತೆ ತಲೆಯ ಮೇಲೆ ಕೈ ಹೊತ್ತರು. ಬಾವಿಕಟ್ಟೆಯ ಕಡೆ ಬೆರಳು ತೋರಿಸಿದರು. ಮತ್ತೆ ಮೊದಲಿನಿಂದ. ಮತ್ತೆ ತಣ್ಣೀರು. ಎರಡನೆಯ ಸಲ ಗಿಡದ ಹತ್ತಿರ ಬಂದಾಗ ಶಿವನಂಜಪ್ಪನವರು ಅಲ್ಲೇ ಇದ್ದರು. ಹುಷಾರಾಗಿದ್ದೀರಾ, ಯಾಕೆ ಮಾತಾಡುತ್ತಿಲ್ಲ, ನನ್ನಿಂದ ಏನಾದರೂ ತಪ್ಪಾಯಿತಾ, ಮೊನ್ನೆ ಕಸದ ವಿಷಯಕ್ಕೆ ಹೇಳಿದ ಮಾತು ಮನಸ್ಸಿಗೆ ಹಚ್ಚಿಕೊಂಡಿರಾ ಎಂದು ಕೇಳುತ್ತಲೇ ಹೋದರು. ಮುಂದೆ ಆಟೋದವನು ಹಾರ್ನ್ ಒತ್ತಲು ಶುರು ಮಾಡಿದ. ನಾನು ಹಲ್ಲು ಕಟಕಟ ಅನ್ನುತ್ತಾ ಸೊಪ್ಪು ಕಿತ್ತುಕೊಂಡು, ಒಂದು ಮಾತೂ ಆಡದೆ ಅವರಿಗೆ ಬೆನ್ನು ತಿರುಗಿಸಿ ಬಂದೆ. ಶಿವನಂಜಪ್ಪನವರು ಆಮೇಲೆ ದೀಪಾವಳಿಯವರೆಗೂ ನನ್ನನ್ನು ಮಾತಾಡಿಸಲಿಲ್ಲ.

ಕಲ್ಲಿನ ಮೇಲೆ ಸೊಪ್ಪು ಅರೆದೆ. ನಮ್ಮ ಮನೆಯಲ್ಲಿ ಒಂದು ದಿನವೂ ಚಟ್ನಿ ಅರೆದವನಲ್ಲ ನಾನು. ಅತ್ತೆ ಎದುರಿಗೆ ಕುಳಿತು ಇನ್ನೂ ನುಣ್ಣಗೆ, ಇನ್ನೂ ನುಣ್ಣಗೆ ಎಂದು ಕೈಸನ್ನೆ ಮಾಡುತ್ತಿದ್ದರು. ಆಮೇಲೆ ಮುಖ ಎತ್ತಿ ಕಣ್ಣು ಮುಚ್ಚಿಕೊಂಡರು. ಹಣೆಯ ಗುಳ್ಳೆಗಳ ಸುತ್ತ ಬೆರಳಿನಿಂದ ಹಚ್ಚಿದೆ. ಸೊಪ್ಪಿನ ರಸ ಕಣ್ಣಿಗೆ ಇಳಿದೀತೆಂಬ ಭಯಕ್ಕೆ ಕಣ್ಣಿನ ಹತ್ತಿರ ಹೋಗದೆ ಮೇಲೆ ಮೇಲೆಯೇ ಒಂದು ಗೆರೆ ಎಳೆದು ಮುಗಿಸಿದೆ. ಅತ್ತೆ ಉಸಿರು ಬಿಟ್ಟು, ಆ ಬೆಳಿಗ್ಗೆ ಮೊದಲ ಸಲ ಬಾಯಿ ಬಿಟ್ಟರು. "ಆಯ್ತು. ನಡೀರಿ, ಇನ್ಯಾಕ್ ಕೂತ್ಕಂಡಿದ್ದೀರಿ?" ನಾನು ಒದ್ದೆ ಪಂಚೆ ಬದಲಾಯಿಸಿ ಬರುವಷ್ಟರಲ್ಲಿ ಅವರು ಮಂಜುಳಾಳ ಜೊತೆ ಆಟೋದಲ್ಲಿ ಕುಳಿತಿದ್ದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅತ್ತೆಯ ಹಣೆ ನೋಡಿ ಮುಖ ಗಂಟಿಕ್ಕಿಕೊಂಡರು. ಹತ್ತಿಯಿಂದ ಹಸಿರನ್ನೆಲ್ಲ ಒರೆಸುತ್ತಾ, "ಯಾರ್ರೀ ಇದನ್ನ ಹಚ್ಚಿದ್ದು?" ಅಂದರು.

ಅತ್ತೆ ಇದ್ದ ಒಂದು ಕಣ್ಣನ್ನು ಅಗಲ ಮಾಡಿಕೊಂಡು ನನ್ನನ್ನು ತೋರಿಸಿದರು. "ನಮ್ ಅಳಿಯಂದ್ರು ಕಣವ್ವ."

ಡಾಕ್ಟರಮ್ಮ ನನ್ನನ್ನು ತರಾಟೆಗೆ ತೆಗೆದುಕೊಂಡರು. ಓದಿದವರ ಹಾಗೆ ಕಾಣುತ್ತೀರಿ, ವಯಸ್ಸಾದವರ ಮುಖಕ್ಕೆ ಇಂಥದ್ದನ್ನೆಲ್ಲ ಬಳಿಯುತ್ತೀರಲ್ಲ, ಗುಳ್ಳೆ ಒಡೆದು ಕೀವಾದರೆ ಯಾರು ಹೊಣೆ, ನಿನ್ನೆಯೇ ಯಾಕೆ ಕರೆದುಕೊಂಡು ಬರಲಿಲ್ಲ? ಕೇಳುತ್ತಾ ನಿಂತೆ. ನಿನ್ನೆ ಇಡೀ ದಿನ ನಾನು ಇದನ್ನೇ ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದೆ ಎಂದು ಹೇಳಬೇಕೆನಿಸಿತು. ಅತ್ತೆ ಎಷ್ಟು ಪಾಪದವರಂತೆ ಕುಳಿತಿದ್ದರೆಂದರೆ ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಕಣ್ಣು ಉಳಿಯಿತು. ಇನ್ನೊಂದೆರಡು ದಿನ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದು ಡಾಕ್ಟರಮ್ಮ ಅಂದಾಗ ಮಂಜುಳಾ ಅವ್ವನ ಕೈ ಹಿಡಿದುಕೊಂಡಳು. ಮಾತ್ರೆ, ಕಣ್ಣಿನ ಹನಿ, ಮುಲಾಮು ಎಲ್ಲ ಬಂತು. ಬಲಗಣ್ಣಿಗೆ ಮಾತ್ರ ಸ್ವಲ್ಪ ಮಂಜು ಉಳಿದುಕೊಂಡಿತು, ಅದು ಈಗಲೂ ಇದೆ. ಗುಳ್ಳೆ ಒಣಗಿದ ಮೇಲೂ ಹಣೆಯ ಉರಿ ಎಷ್ಟೋ ತಿಂಗಳು ಬಿಡಲಿಲ್ಲ. ಸೆರಗು ತಾಗಿದರೂ ಅಮ್ಮಾ ಎನ್ನುತ್ತಿದ್ದರು. ಅದನ್ನು ಕೇಳುವಾಗ ಆ ಶನಿವಾರವನ್ನು ನೆನೆದು ನನಗೆ ಮತ್ತೆ ಸಿಟ್ಟು ಬರುತ್ತಿತ್ತು. ಒಂದು ದಿನ. ಒಂದು ದಿನವನ್ನು ಸುಮ್ಮನೆ ಹಾಳು ಮಾಡಿದರಲ್ಲ.

ಮುಂದಿನ ಭಾನುವಾರ ನಾನು ಎದ್ದು ಕಾಫಿಯನ್ನೂ ಕುಡಿದಿರಲಿಲ್ಲ, ಗೇಟಿನ ಹತ್ತಿರ ಯಾರೋ ಕೆಮ್ಮಿದರು. ಗಾರೆ ಕೆಲಸ ಮಾಡುವ ನಡುವಯಸ್ಸಿನ ಮನುಷ್ಯ, ಹೆಂಡತಿಯ ಜೊತೆ ಬಂದಿದ್ದ. ಪಕ್ಕೆಗೆ ಸರ್ಪಸುತ್ತು. ಅಂಗಿ ತಾಗದ ಹಾಗೆ ಎತ್ತಿ ಹಿಡಿದುಕೊಂಡು ನಿಂತಿದ್ದ. ಅತ್ತೆ ಒಳಗಿನ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಅಲ್ಲಿಂದಲೇ, "ನನ್ ಕೈ ಖಾಲಿ ಕಣಪ್ಪ. ಅಳಿಯಂದ್ರವ್ರೆ ನೋಡು" ಅಂದರು.

ನಾನು ಆ ಮನುಷ್ಯನನ್ನು ಜಗಲಿಯ ಮೇಲೆ ಕೂರಿಸಿದೆ. ನೋಡಪ್ಪ, ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಮಾತ್ರೆ ಇದೆ, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು, ಮೊದಲು ಅಲ್ಲಿಗೆ ಹೋಗು ಎಂದು ನಿಧಾನವಾಗಿ ತಿಳಿಸಿ ಹೇಳಿದೆ. ಅವನು ಮರ್ಯಾದೆಯಿಂದ ಪೂರ್ತಿ ಕೇಳಿಸಿಕೊಂಡ.

"ಅದ್ ಸರಿ ಬುಡಿ ಸಾರ್. ಮದ್ದು ಯಾವಾಗ ಆಕ್ತೀರಿ?"

ಇನ್ನೊಂದು ಸಲ ಹೇಳಿದೆ. ಅವನ ಹೆಂಡತಿ, "ಆಸ್ಪತ್ರೆ ಮದ್ದು ಇದ್ಕೆ ಹತ್ತಲ್ವಂತೆ ಸಾರ್" ಅಂದಳು. ಅವನು ಅಂಗಿಯನ್ನು ಇನ್ನೂ ಎತ್ತಿ ಹಿಡಿದುಕೊಂಡೇ ಇದ್ದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಲ್ಲ ಎಂದು ಕಳಿಸುವಂತಿಲ್ಲ. ಹಚ್ಚಿ ಕಳಿಸಿದರೆ ಆಸ್ಪತ್ರೆಯ ಮುಖ ನೋಡುವುದಿಲ್ಲ. ಹೀಗೆ ಇನ್ನೆಷ್ಟು ಭಾನುವಾರ ಎಷ್ಟು ಜನಕ್ಕೆ ಗಂಟಲು ಹರಿದುಕೊಳ್ಳಬೇಕು? ಅಷ್ಟರಲ್ಲಿ ಆ ಹೆಂಗಸು, "ಪಥ್ಯ ಏನು ಅಂತ ಏಳ್ಬುಡಿ ಸಾರ್, ನಾನು ಒಂದ್ ಚೂರೂ ತಪ್ಸಲ್ಲ" ಅಂದಳು.

ಹೌದಲ್ಲ. ಪಥ್ಯ ಎಂದರೆ ನಮ್ಮ ಜನ ಪ್ರಾಣ ಕೊಡುತ್ತಾರೆ. ಬದನೆಕಾಯಿ ಬೇಡ ಎಂದರೆ ಬದನೆಕಾಯಿ ಇರುವ ಬೀದಿಗೂ ಹೋಗುವುದಿಲ್ಲ. ಅತ್ತೆ ಹೇಳುತ್ತಿದ್ದ ಪಥ್ಯವನ್ನು ಮುರಿದವರನ್ನು ಆ ಮಳೆಗಾಲದಲ್ಲಿ ನಾನು ಒಬ್ಬರನ್ನೂ ಕಂಡಿರಲಿಲ್ಲ.

"ಪಥ್ಯ ಕಷ್ಟ ಇದೆ ಕಣಮ್ಮ" ಎಂದು ದನಿ ಗಟ್ಟಿ ಮಾಡಿಕೊಂಡೆ. "ಬದನೆಕಾಯಿ ಬೇಡ, ಮೀನು ಬೇಡ. ಮದ್ದು ಹಾಕಿಸಿಕೊಂಡು ಮನೆಗೆ ಹೋಗಬಾರದು. ಇಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಕೊಟ್ಟ ಮಾತ್ರೆನ ಮುಗಿಯೋವರೆಗೂ ನುಂಗಬೇಕು. ಒಂದು ಹೊತ್ತು ತಪ್ಪಿಸಿದರೂ ಮದ್ದು ತಿರುಗಿಬೀಳುತ್ತೆ. ಆಮೇಲೆ ನನ್ನನ್ನ ಕೇಳಬೇಡಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನಿಗೆ ಅನುಮಾನ ಬಂತು. "ನಮ್ ಭಾವುಂಗೂ ಇದೇ ಮನೇಲಿ ಆಕ್ಸಿದ್ದು. ಇಂಥ ಪಥ್ಯ ಕೇಳೇ ಇಲ್ವಲ್ಲ ಸಾರ್?"

ನಾನು ಒಳಕೋಣೆಯ ಕಡೆ ನೋಡಿದೆ. ಮದ್ದಿನ ವಿಷಯದಲ್ಲಿ ಒಂದು ಅಕ್ಷರ ಆಚೆ ಈಚೆ ಮಾಡಿದರೂ ಸಹಿಸದವರು ಗೋಡೆಯ ಆಚೆ ಮಲಗಿದ್ದರು. ಕಣ್ಣು ಹೋದರೂ ಕಟ್ಟಳೆ ಮುರಿಯುವುದಿಲ್ಲ ಎಂದು ಕುಳಿತಿದ್ದವರು. ಮಂಚ ಕಿರುಗುಟ್ಟಿತು. ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲವರೆಗೂ ಬಂದರು.

"ನಿಮ್ ಭಾವ ಮರ್ತಿದ್ದಾನು. ನಮ್ ಅತ್ತೆ ಕಾಲ್ದಿಂದ್ಲೂ ಇದೇ ಪಥ್ಯ ಕಣಪ್ಪ. ಮಾತ್ರೆ ತಪ್ಸಿದ್ರೆ ಮದ್ದು ಹತ್ತಲ್ಲ. ಅಳಿಯಂದ್ರು ಏಳ್ದಂಗ್ ಮಾಡು."

"ಆಯ್ತು ಕಣಜ್ಜಿ" ಎಂದು ಅವನು ಆ ಕ್ಷಣವೇ ತಲೆಯಾಡಿಸಿದ.

ಅವರ ಅತ್ತೆಯ ಕಾಲದಲ್ಲಿ ಹಿನಕಲ್ಲಿನ ಸುತ್ತ ಆಸ್ಪತ್ರೆಯೂ ಇರಲಿಲ್ಲ, ಈ ಕಾಯಿಲೆಗೆ ಮಾತ್ರೆಯೂ ಹುಟ್ಟಿರಲಿಲ್ಲ. ನಾನು ತಿರುಗಿ ನೋಡಿದೆ. ಪಟ್ಟಿ ಕಟ್ಟದೆ ಉಳಿದಿದ್ದ ಆ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು, ಏನಾದರೂ ಅನ್ನುತ್ತೀರಾ ಎಂದು ಕೇಳುವ ಹಾಗೆ. ನಾನು ಟವೆಲು ತೆಗೆದುಕೊಂಡು ತಣ್ಣೀರು ಸುರಿದುಕೊಳ್ಳಲು ಬಾವಿಕಟ್ಟೆಗೆ ಹೋದೆ.